ನಿಮಗಿದು ಗೊತ್ತೆ? ಸಿನಿಮಾದ ‘ಬಾಲಬುಷ್ಕಾ’ ಅಸಲಿಯಲ್ಲ!

‘ದಿ ಕಲರ್ ಆಫ್ ಮನಿ’ (1986) ಚಿತ್ರದಲ್ಲಿ ಪಾಲ್ ನ್ಯೂಮನ್ ತನ್ನ ಶಿಷ್ಯ ಟಾಮ್ ಕ್ರೂಸ್‌ಗೆ ಕೊಡುವ ಪೂಲ್ ಕ್ಯೂ (ಚೆಂಡು ಹೊಡೆಯುವ ಕೋಲು) ನೆನಪಿದೆಯೇ? ಅದನ್ನು ತಯಾರಕರ ಹೆಸರಿನಿಂದಲೇ ಕರೆಯಲಾಗುವ ‘ಬಾಲಬುಷ್ಕಾ’ ಎಂದೇ ತೋರಿಸಲಾಗಿದೆ. ಆದರೆ ಅದು ಅಸಲಿಯಲ್ಲ. ಬಾಲಬುಷ್ಕಾ ಕ್ಯೂವನ್ನೇ ಹೋಲುವಂತಿದ್ದ ಜಾಸ್ ಕಂಪನಿಯ ಕೋಲು! ಕ್ರೂಸ್ ಅದನ್ನು ಕತ್ತಿಯಂತೆ ಗಿರಗಿರನೆ ತಿರುಗಿಸುವುದನ್ನು ನೋಡಿದರೆ, ಅಸಲಿ ಕೊಡದಿದ್ದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ.

ರಷ್ಯಾದಲ್ಲಿ ಹುಟ್ಟಿದ ಜಾರ್ಜ್ ಬಾಲಬುಷ್ಕಾ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ನೆಲೆಸಿದ್ದ ಮರಗೆಲಸಗಾರ. 1959ರಲ್ಲಿ ಕ್ರಿಸ್‌ಮಸ್ ಉಡುಗೊರೆಯಾಗಿ ಗೆಳೆಯರಿಗೆ ಒಂದಷ್ಟು ಕ್ಯೂ ಮಾಡಿಕೊಟ್ಟರು. ಅಷ್ಟೇ, ಆಟಗಾರರು ಬೆನ್ನು ಬಿದ್ದರು.

ಒಳ್ಳೆಯ ಕ್ಯೂ ತಯಾರಿಸಲು ತಾಳ್ಮೆ ಬೇಕು. ಮೇಪಲ್ ಮರದ ಕೋಲನ್ನು ಲೇತ್‌ನಲ್ಲಿ ಒಂದೇ ಸಲಕ್ಕೆ ತೆಳುವಾಗಿಸುವಂತಿಲ್ಲ. ಕೂದಲೆಳೆಯಷ್ಟು ಹೆರೆದು, ವಾರಗಟ್ಟಲೆ ಹಾಗೇ ಬಿಟ್ಟು, ಮತ್ತೆ ಹೆರೆಯಬೇಕು. ಅವಸರ ಮಾಡಿದರೆ ಮರ ಸೊಟ್ಟಗಾಗುತ್ತದೆ. ಅಂಗೈ ಬೆವೆತರೂ ಜಾರದಿರಲೆಂದು ಹಿಡಿಕೆಗೆ ಐರಿಷ್ ಲಿನನ್ ದಾರ ಬಿಗಿಯಾಗಿ ಸುತ್ತುತ್ತಾರೆ. ಬಹುತೇಕ ಬಾಲಬುಷ್ಕಾ ಕ್ಯೂಗಳಿಗೂ ಇದೇ ದಾರ.

ಬಾಲಬುಷ್ಕಾ ಮಾಡಿದ್ದು ಸುಮಾರು ಸಾವಿರದಿಂದ 1,200 ಕ್ಯೂಗಳು. ಈಗ ಅವು ಸಂಗ್ರಾಹಕರ ಪಾಲಿಗೆ ಬಂಗಾರ. ಸಿನಿಮಾ ಬರುವ ಹೊತ್ತಿಗೆ ಅವರು ತೀರಿಕೊಂಡು ಸುಮಾರು 11 ವರ್ಷವಾಗಿತ್ತು.