ಆತಂಕದಿಂದ ಶಾಲೆಗೆ ಗೈರುಹಾಜರಾಗುವ ಮಕ್ಕಳು: ತಜ್ಞರ ನೆರವು ಯಾವಾಗ?

ಶಾಲೆಗೆ ಬಾರದ ಮಕ್ಕಳೆಲ್ಲರ ಕಾರಣವೂ ಒಂದೇ ಆಗಿರುವುದಿಲ್ಲ. ಕಂಪ್ಲಿ ತಾಲ್ಲೂಕಿನ ಮೆಟ್ರಿ ಭಾಗದಂತಹ ಕೃಷಿ ಪ್ರಧಾನ ಗ್ರಾಮಗಳಲ್ಲಿ ಗೈರುಹಾಜರಿ ಎಂದೊಡನೆ ಹೊಲದ ಕೆಲಸ, ತಮ್ಮ ತಂಗಿಯರ ಪಾಲನೆ, ಪೋಷಕರ ಗುಳೆ ಮುಂತಾದವು ನೆನಪಿಗೆ ಬರುತ್ತವೆ. ಆದರೆ ಓದುವ ಇಚ್ಛೆಯಿದ್ದೂ ಭಯದಿಂದ ಶಾಲೆಯ ಹೊಸ್ತಿಲು ತುಳಿಯಲಾಗದ ಮಕ್ಕಳೂ ಇದ್ದಾರೆ. ಹಾಜರಾತಿ ಪುಸ್ತಕದಲ್ಲಿ ಎಲ್ಲರ ಗುರುತೂ ಒಂದೇ. ಪರಿಹಾರ ಮಾತ್ರ ಬೇರೆ.

ಗುರುತಿಸುವ ಬಗೆ

ಶಾಲೆಯ ದಿನ ಬೆಳಿಗ್ಗೆ ಹೊಟ್ಟೆನೋವು, ತಲೆನೋವು, ವಾಂತಿ ಅಥವಾ ಅಳು ಕಾಣಿಸಿಕೊಂಡು, ಭಾನುವಾರ ಹಾಗೂ ರಜಾ ದಿನಗಳಲ್ಲಿ ಇಲ್ಲವಾಗುವುದು ಮುಖ್ಯ ಸೂಚನೆ. ಇಂತಹ ಮಗು ಸಾಮಾನ್ಯವಾಗಿ ಪೋಷಕರಿಗೆ ತಿಳಿದಂತೆಯೇ ಮನೆಯಲ್ಲಿ ಉಳಿಯುತ್ತದೆ. ಆ ನೋವು ನಟನೆಯಲ್ಲ. ಆತಂಕವು ದೇಹದಲ್ಲಿ ತೋರುವ ರೀತಿ ಅದು. ಆದರೂ ದೈಹಿಕ ಕಾಯಿಲೆ ಇಲ್ಲವೆಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ಖಚಿತಪಡಿಸಿಕೊಳ್ಳಬೇಕು.

ಶಾಲಾ ಹಂತದ ಕ್ರಮಗಳು

ತರಗತಿ ಶಿಕ್ಷಕರು ಮನೆಗೆ ಭೇಟಿ ನೀಡಿ, ಪರೀಕ್ಷೆ, ಸಹಪಾಠಿಗಳ ಕೀಟಲೆ, ಶಿಕ್ಷೆಯ ಭಯ, ಶೌಚಾಲಯದ ತೊಂದರೆ, ಮನೆಯಲ್ಲಿನ ಸಾವು ಅಥವಾ ಕಲಹ ಇವುಗಳ ಬಗ್ಗೆ ಮಗುವನ್ನು ಮೃದುವಾಗಿ ವಿಚಾರಿಸಬೇಕು. ಗದರಿಸುವುದು, ಹೆಸರು ತೆಗೆಯುವುದಾಗಿ ಬೆದರಿಸುವುದು ಭಯವನ್ನು ಹೆಚ್ಚಿಸುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಮು ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳವನ್ನು ನಿಷೇಧಿಸಿದೆ. ಅಂತೆಯೇ, ದೀರ್ಘಕಾಲ ಮನೆಯಲ್ಲೇ ಬಿಡುವುದೂ ಸರಿಯಲ್ಲ. ತಪ್ಪಿಸಿಕೊಂಡಷ್ಟೂ ಭಯ ಬಲಗೊಳ್ಳುತ್ತದೆ. ಮೊದಲು ಒಂದೆರಡು ಅವಧಿ, ನಂತರ ಅರ್ಧ ದಿನ ಎಂಬಂತೆ ಹಂತ ಹಂತವಾಗಿ ಮರಳಿಸುವುದು ಸೂಕ್ತ.

ತಜ್ಞರ ನೆರವು ಬೇಕಾಗುವ ಸಂದರ್ಭಗಳು

1. ಸುಮಾರು ಎರಡು ವಾರಗಳ ಪ್ರಯತ್ನದ ನಂತರವೂ ಹಾಜರಾತಿ ಸುಧಾರಿಸದಿದ್ದಾಗ.
2. ನಿದ್ರೆ, ಊಟ, ಆಟ, ಮಾತು ಕುಂದಿದಾಗ, ಅಥವಾ ಮಗು ಮನೆಯಿಂದ ಹೊರಬರಲೇ ಹೆದರಿದಾಗ.
3. ಎದೆಬಡಿತ, ಉಸಿರುಕಟ್ಟುವಿಕೆ, ನಡುಕ ಪದೇ ಪದೇ ಬಂದಾಗ.
4. ಸಾಯುವ ಮಾತನಾಡಿದಾಗ ಅಥವಾ ತನಗೆ ತಾನೇ ಗಾಯ ಮಾಡಿಕೊಂಡಾಗ ಅದೇ ದಿನವೇ. ಮಗುವನ್ನು ಒಂಟಿಯಾಗಿ ಬಿಡತಕ್ಕದ್ದಲ್ಲ.

ಲೈಂಗಿಕ ದೌರ್ಜನ್ಯದ ಶಂಕೆಯಿದ್ದಲ್ಲಿ ಪೋಕ್ಸೊ ಕಾಯ್ದೆ 2012ರಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ.

ನೆರವು ಎಲ್ಲಿ ದೊರೆಯುತ್ತದೆ

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮೂಲಕ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಸಂಪರ್ಕಿಸಬಹುದು. ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತ ಸಲಹೆ ಲಭ್ಯ. ಮಕ್ಕಳ ಸಹಾಯವಾಣಿ 1098. ಈ ಹಾದಿ ಜಿಲ್ಲೆಗೆ ಹೊಸದಲ್ಲ. ಗ್ರಾಮೀಣ ಆರೋಗ್ಯ ಕೇಂದ್ರಗಳಲ್ಲಿಯೇ ಮಾನಸಿಕ ಚಿಕಿತ್ಸೆ ನೀಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ತೋರಿಸಿದ್ದು ಬಳ್ಳಾರಿಯಲ್ಲಿಯೇ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಕಾರ್ಯಕ್ರಮಕ್ಕೆ ಈ ‘ಬಳ್ಳಾರಿ ಮಾದರಿ’ಯೇ ಆಧಾರ.

ಪೋಷಕರ ಒಪ್ಪಿಗೆ ಪಡೆದು, ಗೈರುಹಾಜರಿಯ ದಿನಗಳು, ಕಂಡ ಲಕ್ಷಣಗಳು ಹಾಗೂ ಕೈಗೊಂಡ ಕ್ರಮಗಳ ಒಂದು ಪುಟದ ಟಿಪ್ಪಣಿಯೊಂದಿಗೆ ಮಗುವನ್ನು ಕಳುಹಿಸುವುದು. ವಿಷಯವನ್ನು ತರಗತಿಯಲ್ಲಾಗಲಿ, ಎಸ್‌ಡಿಎಂಸಿ ಸಭೆಯಲ್ಲಾಗಲಿ ಹೆಸರಿಸಿ ಚರ್ಚಿಸತಕ್ಕದ್ದಲ್ಲ. ತಜ್ಞರಲ್ಲಿಗೆ ಕಳುಹಿಸಿದ ಮಾತ್ರಕ್ಕೆ ಶಾಲೆಯ ಹೊಣೆ ಮುಗಿಯದು. ಶಾಲೆಯಿಂದ ದೂರ ಉಳಿದ ಮಗುವಿಗೆ ದುಡಿಮೆ ಅಥವಾ ಬಾಲ್ಯವಿವಾಹ ಹತ್ತಿರವಾಗುತ್ತದೆ. ಆದ್ದರಿಂದ ಮರಳಿ ಬರುವ ಮಗುವಿನ ಸ್ಥಳವನ್ನು ತರಗತಿಯಲ್ಲಿ ಕಾಯ್ದಿರಿಸುವುದು ಎಲ್ಲರ ಕರ್ತವ್ಯ.