ಒಂದು ಕಣ್ಣಿನಿಂದ ಒಂದು ತೋಟ

ಮಂಡ್ಯದ ಸೀಮೆಯಲ್ಲಿ, ಶ್ರೀರಂಗಪಟ್ಟಣ ಪಾಂಡವಪುರಗಳ ಕಡೆ, ಕಬ್ಬು ನೆಡುವುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಕಂಡಿರುತ್ತಾರೆ. ರೈತನು ಬೀಜ ಬಿತ್ತುವುದಿಲ್ಲ; ಕಣ್ಣುಳ್ಳ ತುಂಡುಗಳನ್ನು ಮಣ್ಣಿನಲ್ಲಿ ಇಡುತ್ತಾನೆ. ಚಿಗುರಿ ಬಂದ ಪೈರು ತಾಯಿಕಬ್ಬಿನ ಪಡಿಯಚ್ಚೇ ಆಗಿರುತ್ತದೆ. ಹೀಗೆ ಬೀಜದ ನೆರವಿಲ್ಲದೆ ಒಂದೇ ಗಿಡದಿಂದ ಪಡೆದ ಸಂತತಿಗೆ ‘ಕ್ಲೋನ್’ ಅಥವಾ ತದ್ರೂಪಿ ಎಂದು ಹೆಸರು. ದ್ರಾಕ್ಷಿಯ ಕಥೆಯೂ ಇದೇ.

ದ್ರಾಕ್ಷಿಯ ಬೀಜದಿಂದ ಬಳ್ಳಿ ಹುಟ್ಟುತ್ತದೆ. ಆದರೆ ತಾಯಿಯ ಗುಣವೇ ಅದಕ್ಕೆ ಬಂದೀತೆಂಬ ಭರವಸೆಯಿಲ್ಲ. ಕೆಂಪು ವೈನಿಗೆ ಹೆಸರಾದ ಕ್ಯಾಬರ್ನೆ ಸೊವಿನ್ಯೋನ್ ತಳಿಯು ಒಂದು ಕಪ್ಪು ದ್ರಾಕ್ಷಿ ಮತ್ತು ಒಂದು ಬಿಳಿಯ ದ್ರಾಕ್ಷಿಯ ಸಂಕರವೆಂದು 1997ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ತಿಳಿದುಬಂದಿತು. ಆ ಬಳ್ಳಿಯನ್ನೇ ಕಡ್ಡಿಯಿಂದ ಕಡ್ಡಿಗೆ ದಾಟಿಸುತ್ತ ಲೋಕದಲ್ಲೆಲ್ಲ ಹರಡಿದರು. ಆದರೆ ಓಲೆಗರಿಯನ್ನು ಮತ್ತೆ ಮತ್ತೆ ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುವಂತೆ, ಕಣ್ಣಿನ ಜೀವಕೋಶಗಳಲ್ಲಿಯೂ ಆಗಾಗ ಸಣ್ಣ ಮಾರ್ಪಾಡಾಗುತ್ತದೆ. ಒಂದರ ಗೊಂಚಲು ಸಡಿಲ, ಇನ್ನೊಂದರ ಹಣ್ಣು ಚಿಕ್ಕದು, ಮತ್ತೊಂದು ತಡವಾಗಿ ಮಾಗುವಂಥದು. ಇಂಥ ಬಳ್ಳಿಯನ್ನು ಆರಿಸಿ ಬೆಳೆಸಿದರೆ ಅದೇ ತಳಿಯ ಹೊಸ ಕ್ಲೋನ್ ಸಿದ್ಧವಾಗುತ್ತದೆ.

ಚಿಕ್ಕ ಹಣ್ಣಿನಿಂದ ಲಾಭವೇನು? ಕಪ್ಪು ದ್ರಾಕ್ಷಿಗಳಲ್ಲಿ ಬಹುಪಾಲಿನ ರಸಕ್ಕೆ ಬಣ್ಣವಿಲ್ಲ, ಬಣ್ಣವಿರುವುದು ಸಿಪ್ಪೆಯಲ್ಲಿ. ಗೋಳದ ವ್ಯಾಸವನ್ನು ಅರ್ಧಮಾಡಿದರೆ ಗಾತ್ರಕ್ಕೆ ಹೋಲಿಸಿದಂತೆ ಅದರ ಮೇಲ್ಮೈ ಇಮ್ಮಡಿಯಾಗುತ್ತದೆಂಬುದನ್ನು ನಾವು ಗಣಿತದಲ್ಲಿ ಕಲಿತಿದ್ದೇವೆ. ಸಿಪ್ಪೆ ಹೆಚ್ಚಿದಂತೆ ವೈನಿನ ಬಣ್ಣವೂ ಒಗರೂ ಹೆಚ್ಚುತ್ತವೆ.

ನಮ್ಮ ನಾಡಿನಲ್ಲಿ ಬಹುಕಾಲದಿಂದ ಬೆಳೆಯುತ್ತಿರುವ ‘ಬೆಂಗಳೂರು ಬ್ಲೂ’ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಫ್ರಾನ್ಸಿನ ವೈನ್ ತಳಿಗಳನ್ನು ನಂದಿಬೆಟ್ಟದ ತಪ್ಪಲಿಗೆ ತಂದವರಲ್ಲಿ ಕನ್ವಲ್ ಗ್ರೋವರ್ ಮೊದಲಿಗರು. ಷಾಂಪೇನ್ ಪ್ರಾಂತದ ತಜ್ಞ ಜಾರ್ಜ್ ವೆಸೆಲ್ ಅವರಿಗೆ ನೆರವಾದರು. ಗ್ರೋವರ್ ಸಂಸ್ಥೆ ಆರಂಭವಾದುದು 1988ರಲ್ಲಿ. ಆ ತಪ್ಪಲನ್ನೇ ಆರಿಸಿದುದೇಕೆ? ಸಮುದ್ರಮಟ್ಟದಿಂದ ಮೇಲೇರಿದಂತೆ ಪ್ರತಿ ಕಿಲೋಮೀಟರಿಗೆ ಸುಮಾರು 6.5 ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆ. ಜೊತೆಗೆ ಮೋಡವಿಲ್ಲದ ಇರುಳಿನಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಬೇಗ ಬಿಟ್ಟುಕೊಡುತ್ತದೆ. ರಾತ್ರಿ ತಂಪಾಗಿದ್ದರೆ ಹಣ್ಣಿನ ಹುಳಿ ಉಳಿಯುತ್ತದೆ, ಬಣ್ಣ ಕಟ್ಟುತ್ತದೆ. ಸೆಖೆಯಾದರೆ ಎರಡೂ ಕುಗ್ಗುತ್ತವೆ.

ಹೊಸ ಕ್ಲೋನನ್ನು ತೋಟಕ್ಕೆ ತರುವುದು ನಿಧಾನದ ಕೆಲಸ. ಹೊರನಾಡಿನ ಕಡ್ಡಿಯಲ್ಲಿ ವೈರಸ್ ಅಡಗಿದೆಯೇ ಎಂದು ಮೊದಲು ಪರೀಕ್ಷಿಸಬೇಕು. ಅನಂತರ ‘ಡಾಗ್‌ರಿಡ್ಜ್’ನಂಥ, ಉಪ್ಪನ್ನೂ ಬರವನ್ನೂ ತಡೆಯುವ ಬೇರಿನ ಗಿಡಕ್ಕೆ ಕಸಿಮಾಡಬೇಕು. ನಮ್ಮಲ್ಲಿ ಚಳಿಗಾಲದ ಗಾಢನಿದ್ರೆ ಬಳ್ಳಿಗಿಲ್ಲ; ಆದುದರಿಂದ ವರ್ಷಕ್ಕೆ ಎರಡು ಸಲ ಸವರಿ, ಒಮ್ಮೆ ಕೊಂಬೆಗಾಗಿ, ಒಮ್ಮೆ ಹಣ್ಣಿಗಾಗಿ ಅದನ್ನು ಎಚ್ಚರಿಸಬೇಕು. ಹಣ್ಣು ಮಾಗಿದಾಗ ವಕ್ರೀಭವನಮಾಪಕದ ಗಾಜಿನ ಮೇಲೆ ಒಂದು ತೊಟ್ಟು ರಸವಿಟ್ಟು ನೋಡುತ್ತಾರೆ. ನೀರಿನ ವಕ್ರೀಭವನಾಂಕ 1.333, ನೂರಕ್ಕೆ 20 ಪಾಲು ಸಕ್ಕರೆಯ ದ್ರಾವಣದ್ದು 1.364. ಬೆಳಕು ಬಾಗಿದಷ್ಟೂ ಸಿಹಿ! ಹಲವು ಸುಗ್ಗಿಗಳ ಸಕ್ಕರೆ, ಹುಳಿ, ಬಣ್ಣಗಳನ್ನು ಹೋಲಿಸಿ, ಸ್ವಲ್ಪ ವೈನನ್ನೂ ಮಾಡಿ ನೋಡಿದ ಮೇಲೆಯೇ ತೀರ್ಮಾನ.

ಇಷ್ಟು ಎಚ್ಚರವೇಕೆ? ಇಂದು ನೆಟ್ಟ ಬಳ್ಳಿ ದಶಕಗಳ ಕಾಲ ನಿಲ್ಲಬೇಕು. ಅಷ್ಟರಲ್ಲಿ ಹವೆ ಇನ್ನೂ ಬಿಸಿಯಾದೀತು. ಎಲ್ಲ ಬಳ್ಳಿಗಳೂ ಒಂದೇ ಪಡಿಯಚ್ಚಾದರೆ, ಒಂದನ್ನು ಕೆಡವುವ ರೋಗ ಎಲ್ಲವನ್ನೂ ಕೆಡವಬಲ್ಲದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರ ಎಂಬ ಅತಿ ಸಣ್ಣ ಕೀಟವು ಬೇರನ್ನು ಹೀರಿ ಫ್ರಾನ್ಸಿನ ತೋಟಗಳನ್ನು ಹಾಳುಮಾಡಿತು. ಕೊನೆಗೆ ಅವುಗಳನ್ನು ಉಳಿಸಿದುದು ಅಮೆರಿಕದ ಬಳ್ಳಿಯ ಬೇರೇ. ಆದುದರಿಂದ ಜಾಣನಾದ ತೋಟಗಾರನು ಒಂದೇ ಕ್ಲೋನನ್ನು ನೆಚ್ಚದೆ ಹಲವನ್ನು ಸಾಲುಸಾಲಾಗಿ ನೆಡುತ್ತಾನೆ. ಮುಂದಿನ ಸಲ ಕಬ್ಬಿನ ಗದ್ದೆಯ ಬದಿಯಲ್ಲಿ ನಡೆಯುವಾಗ ಓದುಗರು ಈ ಮಾತನ್ನು ನೆನೆಯಲಿ: ಅಲ್ಲಿ ಎಷ್ಟು ಕಬ್ಬುಗಳಿವೆ, ಎಷ್ಟು ತಾಯಂದಿರಿದ್ದಾರೆ?