ದೂರವಿಟ್ಟರೆ ಕ್ಷೇಮವೇ?

ಅಲರ್ಜಿ ತರಬಹುದಾದ ಆಹಾರವನ್ನು ಮಗುವಿನಿಂದ ಆದಷ್ಟು ಕಾಲ ದೂರವಿಡಬೇಕೆಂಬ ಮಾತು ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2000ದಲ್ಲಿ, ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡ ಎಂದಿತ್ತು. ಪುರಾವೆ ಸಾಲದೆಂದು 2008ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. ಅದೇ ವರ್ಷ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಕಡಲೆಕಾಯಿಯ ಅಲರ್ಜಿ ಇಸ್ರೇಲಿನ ಮಕ್ಕಳಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚಿತ್ತು. ಇಸ್ರೇಲಿನ ಕೂಸುಗಳಾದರೋ ವರ್ಷ ತುಂಬುವ ಮೊದಲೇ ಕಡಲೆಕಾಯಿ ತಿನಿಸಿನ ರುಚಿ ಕಂಡಿರುತ್ತಿದ್ದವು.

ಇದು ಬರೀ ಕಾಕತಾಳೀಯ ಇರಬಾರದೇಕೆ ಎಂಬ ಆಕ್ಷೇಪಕ್ಕೆ 2015ರಲ್ಲಿ ಉತ್ತರ ಸಿಕ್ಕಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಗಿಡಿಯನ್ ಲ್ಯಾಕ್ ಅವರ ತಂಡ, ತೀವ್ರ ಎಸ್ಜಿಮಾ (ಚರ್ಮದ ಉರಿಯೂತ) ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳನ್ನು ಎರಡು ಗುಂಪು ಮಾಡಿತು. ಐದನೆಯ ವಯಸ್ಸಿಗೆ, ಕಡಲೆಕಾಯಿ ತಿನ್ನದೆ ಬೆಳೆದವರಲ್ಲಿ ಸುಮಾರು 17% ಮಕ್ಕಳಿಗೆ ಅಲರ್ಜಿ ಇತ್ತು. ತಿಂದವರಲ್ಲಿ ಸುಮಾರು 3% ಮಾತ್ರ. ಬಿರುಕುಬಿಟ್ಟ ಚರ್ಮದ ಮೂಲಕ ಹೊಕ್ಕ ಕಣವನ್ನು ದೇಹ ಶತ್ರುವೆಂದು ಭಾವಿಸಬಹುದು, ಹೊಟ್ಟೆಯ ದಾರಿಯಲ್ಲಿ ಬಂದದ್ದನ್ನು ಆಹಾರವೆಂದು ಒಪ್ಪುತ್ತದೆ ಎಂಬುದು ಇದರ ವಿವರಣೆ.

ಹಾಗೆಂದು ಅವಸರ ಬೇಡ. ಆರು ತಿಂಗಳವರೆಗೆ ಎದೆಹಾಲಷ್ಟೇ ಸಾಕೆಂಬ ಮಾತಿಗೂ ಇದಕ್ಕೂ ವಿರೋಧವಿಲ್ಲ. ಮೇಲಾಹಾರ ಶುರುವಾದ ಮೇಲೆ ಸುಮ್ಮನೆ ಮುಂದೂಡಬಾರದು, ಅಷ್ಟೇ. ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಂಬ ಭಯ ನಿಜವಾದದ್ದೇ. ಆದ್ದರಿಂದ ನುಣ್ಣಗೆ ಅರೆದು, ಗಂಜಿಯಲ್ಲಿ ತೆಳ್ಳಗೆ ಕಲಸಿ, ಮೊದಲು ಚಮಚದ ತುದಿಯಷ್ಟು ಕೊಡಬೇಕು. ಒಗ್ಗಿದರೆ ವಾರವಾರವೂ ಮುಂದುವರಿಸಬೇಕು. ತೀವ್ರ ಎಸ್ಜಿಮಾ ಅಥವಾ ಮೊಟ್ಟೆಯ ಅಲರ್ಜಿ ಇರುವ ಮಗುವಿಗೆ ಮಾತ್ರ ವೈದ್ಯರನ್ನು ಕೇಳಿಯೇ ಆರಂಭಿಸಬೇಕು.